ಬೋರಾನ್-10 ಎನ್‌ರಿಚ್ ಮಾಡಿದ ಮೇಲೂ ಬೋರಿಕ್ ಆಸಿಡ್ ಅನ್ನು ಮತ್ತೆ ಯಾಕೆ ಶುದ್ಧ ಮಾಡುತ್ತಾರೆ?

ಬಾಗಲಕೋಟೆಯ ಬಿಎಸ್ಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು: "ಅಣುಸ್ಥಾವರಕ್ಕೆ ಬೇಕಾದ ಬೋರಿಕ್ ಆಸಿಡ್‌ನಲ್ಲಿ ಬೋರಾನ್-10 ಜಾಸ್ತಿ ಮಾಡಿರುತ್ತಾರೆ ಅಂತ ಓದಿದೆ. ಅಂದರೆ ಅದು ಶುದ್ಧವೇ ಅಲ್ವಾ? ಮತ್ತೆ ಯಾಕೆ ಶುದ್ಧೀಕರಣ? ಕಾಲೇಜ್ ಲ್ಯಾಬಿನಲ್ಲಿ ಇದನ್ನು ಪ್ರಾಜೆಕ್ಟ್ ಆಗಿ ಮಾಡಬಹುದಾ?"

ಅಣುಶಕ್ತಿಗೆ ಸಂಬಂಧಪಟ್ಟ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ, ಈಗ ವಿಜಯಪುರದಲ್ಲಿ ಇದ್ದೇನೆ. ನನಗೆ ತುಂಬಾ ಇಷ್ಟದ ವಿಷಯ ಕೇಳಿದ್ದೀರಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಲ್ಲಿ ಶುದ್ಧ ಅನ್ನುವುದು ಎರಡು ಥರ. ಒಂದು ಐಸೋಟೋಪಿನ (ಒಂದೇ ಧಾತುವಿನ, ತೂಕ ಬೇರೆ ಇರುವ ಪರಮಾಣುಗಳ) ಲೆಕ್ಕ, ಇನ್ನೊಂದು ಕೆಮಿಸ್ಟ್ರಿಯ ಲೆಕ್ಕ. ಪ್ರಕೃತಿಯಲ್ಲಿ ಸಿಗುವ ಬೋರಾನ್‌ನಲ್ಲಿ ಸುಮಾರು 20% ಬೋರಾನ್-10, ಉಳಿದ 80% ಬೋರಾನ್-11. ರಿಯಾಕ್ಟರಿಗೆ ಬೋರಿಕ್ ಆಸಿಡ್ ಹಾಕುವುದೇ ಹೆಚ್ಚಾದ ನ್ಯೂಟ್ರಾನ್‌ಗಳನ್ನು ನುಂಗಿಸಿ ಅಣುಕ್ರಿಯೆಯನ್ನು ಹಿಡಿತದಲ್ಲಿಡಲು. ಆ ನುಂಗುವ ಕೆಲಸವೆಲ್ಲ ಬೋರಾನ್-10ರದ್ದು. ನಿಧಾನ ಚಲಿಸುವ ನ್ಯೂಟ್ರಾನಿಗೆ ಅದರ ಅಡ್ಡಛೇದ, ಅಂದರೆ ನುಂಗುವ ಸಾಧ್ಯತೆಯ ಅಳತೆ, 3,800 ಬಾರ್ನ್‌ಗೂ (ಬಾರ್ನ್ ಅದರ ಮಾನ) ಜಾಸ್ತಿ. ಬೋರಾನ್-11ರದ್ದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಬೋರಾನ್-10ರ ಪಾಲು ಹೆಚ್ಚಿಸಿದರೆ (ಎನ್‌ರಿಚ್ ಮಾಡುವುದು ಅಂದರೆ ಇದೇ) ಕಡಿಮೆ ಆಸಿಡ್‌ನಲ್ಲೇ ಅದೇ ಕೆಲಸ ಆಗುತ್ತದೆ. ಒತ್ತಡದ ನೀರಿನ ರಿಯಾಕ್ಟರುಗಳಲ್ಲಿ ಇದರಿಂದ ಇನ್ನೊಂದು ಲಾಭ ಇದೆ. ಆಸಿಡ್ ಕಡಿಮೆಯಾದರೆ ಪಿಎಚ್ ಸರಿದೂಗಿಸಲು ಹಾಕುವ ಲಿಥಿಯಂ ಹೈಡ್ರಾಕ್ಸೈಡೂ ಕಡಿಮೆ ಸಾಕು.

ಆದರೆ 96% ಬೋರಾನ್-10 ಇರುವ ಪುಡಿಯಲ್ಲೂ ಕ್ಲೋರೈಡ್, ಫ್ಲೋರೈಡ್, ಕ್ಯಾಲ್ಸಿಯಂ, ಸೋಡಿಯಂ ತುಂಬಿರಬಹುದು. ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನು ಒಳಗಿಂದೊಳಗೇ ಬಿರುಕು ಬಿಡಿಸುತ್ತದೆ. ಫ್ಲೋರೈಡ್ ಇಂಧನದ ಜಿರ್ಕೋನಿಯಂ ಕೊಳವೆಯನ್ನು ತಿನ್ನುತ್ತದೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಿಲಿಕಾ ಸೇರಿದರೆ ಅದೇ ಕೊಳವೆಯ ಮೇಲೆ ಪದರ ಕಟ್ಟುತ್ತದೆ, ಶಾಖ ಸರಿಯಾಗಿ ಹೊರಗೆ ಬರುವುದಿಲ್ಲ. ಕೋಬಾಲ್ಟ್ ಒಂಚೂರು ಇದ್ದರೂ ನ್ಯೂಟ್ರಾನ್ ತಗುಲಿ ವಿಕಿರಣ ಸೂಸುವ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ, ರಿಪೇರಿಗೆ ಒಳಗೆ ಹೋಗುವ ಕೆಲಸಗಾರರಿಗೆ ಅದೇ ದೊಡ್ಡ ತೊಂದರೆ.

ಈ ಕೊಳೆಯಲ್ಲಿ ಒಂದಿಷ್ಟು ಎನ್‌ರಿಚ್ ಮಾಡುವ ದಾರಿಯಲ್ಲೇ ಬರುತ್ತದೆ. ಐಸೋಟೋಪ್ ಬೇರೆ ಮಾಡುವ ಹೆಸರಾದ ವಿಧಾನಗಳಲ್ಲಿ ಬೋರಾನ್ ಟ್ರೈಫ್ಲೋರೈಡ್ ಅನಿಲ ಮತ್ತು ಈಥರ್ ಸೇರಿದ ಸಂಯುಕ್ತವನ್ನು ಎತ್ತರದ ಕಾಲಮ್‌ಗಳಲ್ಲಿ ಬಟ್ಟಿ ಇಳಿಸುವುದೂ ಒಂದು. ನಮ್ಮಲ್ಲಿ ಭಾರಜಲ ಮಂಡಳಿ ಮಣುಗೂರು, ತಾಲ್ಚೇರ್‌ಗಳಲ್ಲಿ ಬೋರಾನ್ ಎನ್‌ರಿಚ್ ಮಾಡಿದೆ. ಟ್ರೈಫ್ಲೋರೈಡನ್ನು ಬೋರಿಕ್ ಆಸಿಡ್ ಮಾಡುವಾಗ ಫ್ಲೋರೈಡ್ ಹೊರಗೆ ಹೋಗಬೇಕು. ಕ್ಯಾಲ್ಸಿಯಂ ಹಾಕಿದರೆ ಅದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ಆದರೆ ಪೂರ್ತಿ ಕೂರುವುದಿಲ್ಲ. ಬರೀ ನೀರಿನಲ್ಲೂ ಕ್ಯಾಲ್ಸಿಯಂ ಫ್ಲೋರೈಡ್ ಲೀಟರಿಗೆ ಸುಮಾರು 16 ಮಿಲಿಗ್ರಾಂ ಕರಗುತ್ತದೆ, ಅದರಲ್ಲಿ ಫ್ಲೋರೈಡೇ 8 ಮಿಲಿಗ್ರಾಂ ಹತ್ತಿರ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಿಮಗೆ ಗೊತ್ತಿದೆ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂದರೆ ಬರೀ ಕ್ಯಾಲ್ಸಿಯಂ ನಂಬಿದರೆ ಕುಡಿಯುವ ನೀರಿನ ಮಟ್ಟಕ್ಕೇ ಬರುವುದು ಕಷ್ಟ, ರಿಯಾಕ್ಟರಿನ ಮಟ್ಟ ಇನ್ನೂ ದೂರ. ಜೊತೆಗೆ ಫ್ಲೋರೈಡ್ ಓಡಿಸಲು ಹಾಕಿದ ಕ್ಯಾಲ್ಸಿಯಂ ಈಗ ಹೊಸ ಕೊಳೆ.

ಮುಂದಿನ ಹೆಜ್ಜೆ ಹರಳು ಕಟ್ಟಿಸುವುದು. 25 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 5 ಗ್ರಾಂ ಚಿಲ್ಲರೆ ಬೋರಿಕ್ ಆಸಿಡ್ ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಆರು ಪಟ್ಟಿಗಿಂತ ಜಾಸ್ತಿ ಕರಗುತ್ತದೆ. ಬಿಸಿಯಲ್ಲಿ ಕರಗಿಸಿ, ಸೋಸಿ, ತಣ್ಣಗಾಗಲು ಬಿಟ್ಟರೆ ಹರಳು ಬರುತ್ತದೆ, ಕೊಳೆ ನೀರಿನಲ್ಲೇ ಉಳಿಯುತ್ತದೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಹರಳು ಬೇರೆ, ಕಾಕಂಬಿ ಬೇರೆ ಆಗುವುದೂ ಇದೇ ತತ್ವದಲ್ಲಿ. ಆದರೆ ಅಲ್ಲಿ ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ. ಇಲ್ಲಿ ಹರಳು ತೆಗೆದ ಮೇಲೆ ಉಳಿದ ನೀರಿನಲ್ಲೂ ದುಬಾರಿ ಬೋರಾನ್-10 ಇದೆ, ಒಂದು ಹನಿಯೂ ಚೆಲ್ಲುವ ಹಾಗಿಲ್ಲ. ಅದನ್ನು ಸುಮ್ನೆ ಕುದಿಸಿ ಗಟ್ಟಿ ಮಾಡೋಣ ಅಂದರೂ ಆಗದು, ಬೋರಿಕ್ ಆಸಿಡ್ ಹಬೆಯ ಜೊತೆ ಸ್ವಲ್ಪ ಹಾರಿಹೋಗುತ್ತದೆ.

ಇನ್ನೊಂದು ದಾರಿ ನನಗೆ ಬಹಳ ಮೆಚ್ಚುಗೆ. ಸಾಲ್ಟ್ ಅನಾಲಿಸಿಸ್‌ನಲ್ಲಿ ಬೋರೇಟ್‌ಗೆ ಆಲ್ಕೊಹಾಲ್, ಸಲ್ಫ್ಯೂರಿಕ್ ಆಸಿಡ್ ಹಾಕಿ ಹಚ್ಚಿದರೆ ಹಸಿರು ಜ್ವಾಲೆ ಬರುತ್ತದೆ ಅಲ್ವಾ? ಅಲ್ಲಿ ಉರಿಯುವುದು ಬೋರೇಟ್ ಎಸ್ಟರ್, ಅಂದರೆ ಬೋರಿಕ್ ಆಸಿಡ್ ಮತ್ತು ಆಲ್ಕೊಹಾಲ್ ಸೇರಿ ಆದ ಸಂಯುಕ್ತ. ಮೆಥನಾಲ್ ಹಾಕಿದರೆ ಸಿಗುವ ಟ್ರೈಮಿಥೈಲ್ ಬೋರೇಟ್ 70 ಡಿಗ್ರಿಯೊಳಗೇ ಕುದಿಯುತ್ತದೆ. ಅದನ್ನು ಬಟ್ಟಿ ಇಳಿಸಿದರೆ ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣ ಎಲ್ಲ ಕೆಳಗೇ ಕೂತಿರುತ್ತವೆ. ಮೇಲೆ ಬಂದದ್ದಕ್ಕೆ ಶುದ್ಧ ನೀರು ಸೇರಿಸಿದರೆ ಮತ್ತೆ ಬೋರಿಕ್ ಆಸಿಡ್.

ಈಗ ನಿಜವಾದ ಸವಾಲಿಗೆ ಬರುತ್ತೇನೆ. ಕೊಳೆ ತೆಗೆಯುವ ಯಾವ ವಸ್ತುವೂ ಐಸೋಟೋಪನ್ನು ಕೆಡಿಸಬಾರದು. ಲ್ಯಾಬಿನ ಬೀಕರ್ ಬೊರೊಸಿಲಿಕೇಟ್ ಗಾಜಿನದು. ಅದರಲ್ಲೇ ಮಾಮೂಲಿ ಬೋರಾನ್ ಇದೆ, ಬಿಸಿ ದ್ರಾವಣಕ್ಕೆ, ಅದರಲ್ಲೂ ಕ್ಷಾರಕ್ಕೆ, ಅದು ಇಳಿಯುತ್ತದೆ. ಹಾಗಾಗಿ ಕ್ವಾರ್ಟ್ಜ್, ಟೆಫ್ಲಾನ್, ಪಾಲಿಪ್ರೊಪಿಲೀನ್ ಪಾತ್ರೆ ಬೇಕು. ಕ್ಲೋರೈಡ್ ಹಿಡಿಯುವ ರೆಸಿನ್ (ಕರಗಿದ ಅಯಾನುಗಳನ್ನು ಹಿಡಿಯುವ ಸಣ್ಣ ಮಣಿಗಳು) ಬೋರಾನನ್ನೂ ಹಿಡಿಯುತ್ತದೆ, ಹಾಗಾಗಿ ಆ ರೆಸಿನ್ನಿಗೆ ಮೊದಲೇ ಬೋರಿಕ್ ಆಸಿಡ್ ಉಣಿಸಿಡಬೇಕು. ಅಗ್ಗ ಅಂತ ಮಾಮೂಲಿ ಆಸಿಡ್ ಉಣಿಸಿದರೆ? ರೆಸಿನ್ನಿನ ಬೋರಾನ್-11 ದ್ರಾವಣಕ್ಕೆ, ದ್ರಾವಣದ ಬೋರಾನ್-10 ರೆಸಿನ್ನಿಗೆ ಅದಲುಬದಲಾಗುತ್ತದೆ. ಕೊಳೆ ಹೋಯಿತು, ಎನ್‌ರಿಚ್ ಮಾಡಿದ ಶ್ರಮವೂ ಹೋಯಿತು. ಮೊದಲ ಉಣಿಸುವಿಕೆಗೂ ಎನ್‌ರಿಚ್ ಮಾಡಿದ್ದೇ ಬೇಕು.

ಕೈಗಾದಲ್ಲಿ ಬಳಸುವ ಭಾರಜಲಕ್ಕೂ ಇದೇ ಕಥೆ. ಪ್ರಕೃತಿಯ ನೀರಿನ ಹೈಡ್ರೋಜನ್‌ನಲ್ಲಿ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, 0.015% ಮಾತ್ರ. ಅದನ್ನು 99.8% ಆಚೆಗೆ ತಂದ ಮೇಲೆ ಒದ್ದೆ ರೆಸಿನ್ ಒಳಗೆ ಹಾಕಿದರೆ ಮಾಮೂಲಿ ನೀರು ಬೆರೆಯುತ್ತದೆ. ಅದಕ್ಕೇ ರೆಸಿನ್ನನ್ನು ಮೊದಲು ಭಾರಜಲದಿಂದ ತೊಳೆದು ಅದರ ಹೈಡ್ರೋಜನ್ ಜಾಗಕ್ಕೆ ಡ್ಯೂಟೀರಿಯಂ ಕೂರಿಸುತ್ತಾರೆ. ಕೆಲಸ ಮುಗಿದ ಮೇಲೆ ಉಲ್ಟಾ ತೊಳೆದು ವಾಪಸ್ ಪಡೆಯುತ್ತಾರೆ. ಪಶ್ಚಿಮ ಘಟ್ಟದ ಮಳೆಗಾಲದ ಗಾಳಿಯ ತೇವವೂ ಭಾರಜಲಕ್ಕೆ ಶತ್ರು, ತೆರೆದಿಟ್ಟರೆ ಹೀರಿಕೊಳ್ಳುತ್ತದೆ.

ಮೇಲೆ ಹೇಳಿದ ಲಿಥಿಯಂ ಹೈಡ್ರಾಕ್ಸೈಡ್‌ಗೂ ಇದೇ ಗೋಳು. ಅದರ ಲಿಥಿಯಂನಲ್ಲಿ ಬೇಕಾದದ್ದು ಲಿಥಿಯಂ-7, ಅದೂ 99.9% ಮೇಲೆ. ಲಿಥಿಯಂ-6 ಉಳಿದರೆ ನ್ಯೂಟ್ರಾನ್ ನುಂಗಿ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಕೊಡುತ್ತದೆ. ಪಾದರಸ ಬಳಸಿ ಬೇರ್ಪಡಿಸಿದ್ದಾದರೆ ಪಾದರಸದ ಅಂಶವನ್ನೂ ತೆಗೆಯಬೇಕು.

ಇನ್ನು ನಿಮ್ಮ ಪ್ರಾಜೆಕ್ಟ್. ಎನ್‌ರಿಚ್ ಮಾಡುವ ಆಸೆ ಬಿಡಿ, ಬೋರಾನ್ ಟ್ರೈಫ್ಲೋರೈಡ್ ವಿಷಾನಿಲ. ಆದರೆ ಶುದ್ಧೀಕರಣದ ಭಾಗ ಮಾಮೂಲಿ ಬೋರಿಕ್ ಆಸಿಡ್‌ನಲ್ಲೇ ಚೆನ್ನಾಗಿ ಮಾಡಬಹುದು. ಕಡಿಮೆ ದರ್ಜೆಯ ಆಸಿಡ್ ತಗೊಳ್ಳಿ. ಒಂದು ಸಲ, ಎರಡು ಸಲ, ಮೂರು ಸಲ ಹರಳು ಕಟ್ಟಿಸಿ. ಪ್ರತಿ ಸಲ ಕ್ಲೋರೈಡ್ ಎಷ್ಟು ಇಳಿಯಿತು, ಎಷ್ಟು ಆಸಿಡ್ ಕಳೆದುಕೊಂಡಿರಿ, ಎರಡನ್ನೂ ಬರೆದಿಡಿ. ಬೋರಿಕ್ ಆಸಿಡ್ ತೀರಾ ದುರ್ಬಲ, ನೇರ ಟೈಟ್ರೇಷನ್ ಆಗುವುದಿಲ್ಲ. ಅದನ್ನು ಪ್ರಬಲ ಮಾಡುವ ಮ್ಯಾನಿಟಾಲ್ ಹಾಕಿ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಮಾಡಿ. ಎಲ್ಲವನ್ನೂ ಒಣಗಿಸುವ ಹಾಗೆ ಇದನ್ನು 110 ಡಿಗ್ರಿ ಓವನ್ನಿಗೆ ಇಡಬೇಡಿ. ನೀರು ಬಿಟ್ಟು ಮೆಟಾಬೋರಿಕ್ ಆಸಿಡ್ ಆಗುತ್ತದೆ, ಟೈಟ್ರೇಷನ್‌ನಲ್ಲಿ ಬರುವ ಶುದ್ಧತೆಯ ಲೆಕ್ಕ 100% ದಾಟುತ್ತದೆ.

ಎನ್‌ರಿಚ್ ಮಾಡಿದ್ದರಲ್ಲಿ ಲೆಕ್ಕ 100% ದಾಟಲು ಬೇರೆ ಕಾರಣವೂ ಇದೆ. ಅಣುಭಾರ 61.83 ಅಂತ ಹಾಕಿದರೆ, 96% ಬೋರಾನ್-10 ಇರುವ ಅಪ್ಪಟ ಆಸಿಡ್ 101.2% ತೋರಿಸುತ್ತದೆ, ಯಾಕೆಂದರೆ ಅದರ ನಿಜವಾದ ಅಣುಭಾರ 61.07. ವೈವಾದಲ್ಲಿ ಇದನ್ನು ಕೇಳುವ ಸಾಧ್ಯತೆ ಇದೆ, ಲೆಕ್ಕ ನೀವೇ ಒಮ್ಮೆ ಮಾಡಿಟ್ಟುಕೊಳ್ಳಿ.