1800ರ ಹಳ್ಳಿಯ ದಿನಚರಿಯನ್ನು ಎಲ್ಲಿ ಹುಡುಕೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನಡೆಯುವ ಕಾದಂಬರಿ ಬರೆಯುತ್ತಿದ್ದೀರಿ. ನಾಯಕಿ ಗಾಣಿಗರ ಮನೆ ಹುಡುಗಿ. ಯುದ್ಧ, ಒಡೆಯರು, ದಿವಾನ್ ಪೂರ್ಣಯ್ಯ, ಎಲ್ಲದರ ಬಗ್ಗೆ ಓದಿದ್ದೀರಿ. ಆದರೆ ಆ ಹುಡುಗಿ ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ, ಏನು ತಿನ್ನುತ್ತಾಳೆ ಅನ್ನುವುದು ಮಾತ್ರ ಎಲ್ಲೂ ಸಿಗುತ್ತಿಲ್ಲ.

ನಾನೂ ಅದೇ ಸೀಮೆಯ, ಅದೇ ಕಾಲದ ಕಥೆಗಳನ್ನು ಬರೆಯುತ್ತೇನೆ. ನನ್ನ ಸಲಹೆ: ಕಾಲದ ಬಗ್ಗೆ ಓದಿದ್ದು ಸಾಕು, ಇನ್ನು ಗಾಣದ ಬಗ್ಗೆ ಓದಿ. ಒಂದು ಕಸುಬಿನ ಬೆನ್ನು ಹತ್ತಿದರೆ ಊಟ, ಸಾಲ, ಹಬ್ಬ, ಜಗಳ ಎಲ್ಲ ಜೊತೆಗೇ ಬರುತ್ತವೆ. ಎಳ್ಳು, ಹುಚ್ಚೆಳ್ಳು ತಂದುಕೊಡುವವರು ಯಾರು? ಆಡಿಸಿದ್ದಕ್ಕೆ ಕೂಲಿ ಎಣ್ಣೆಯಲ್ಲೋ, ಕಾಳಿನಲ್ಲೋ, ಹಣದಲ್ಲೋ? ಹಿಂಡಿ ಯಾರ ದನಕ್ಕೆ ಹೋಗುತ್ತದೆ? ಯುದ್ಧದಲ್ಲಿ ಎತ್ತು ಹೋಗಿದ್ದರೆ ಗಾಣ ತಿರುಗುವುದು ಹೇಗೆ? ನೋಡಿ, ಕೊನೆಯ ಪ್ರಶ್ನೆಯಲ್ಲೇ ನಿಮಗೊಂದು ಅಧ್ಯಾಯ ಇದೆ.

ಮೊದಲು ಹಿಡಿಯಬೇಕಾದದ್ದು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವರದಿ. ನಿಮ್ಮ ಅದೃಷ್ಟ, ಅವನು ಬಂದದ್ದು ಸರಿಯಾಗಿ ಅದೇ ವರ್ಷ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತದೆ. ರಾಗಿ ಬಿತ್ತುವ ರೀತಿ, ನೇಗಿಲು, ಮಗ್ಗ, ಬಣ್ಣ ಹಾಕುವುದು, ಕಬ್ಬಿಣ ಕರಗಿಸುವುದು, ಆಳಿನ ಕೂಲಿ, ತೂಕ, ಅಳತೆ, ಯಾವುದನ್ನೂ ಅವನು ಬಿಟ್ಟಿಲ್ಲ.

ಆದರೆ ಅವನನ್ನು ಓದುವಾಗ ಒಂದು ಎಚ್ಚರ ಬೇಕು. ಅವನು ಈಸ್ಟ್ ಇಂಡಿಯಾ ಕಂಪನಿಯ ಆಳು. ದುಭಾಷಿಯನ್ನು ಇಟ್ಟುಕೊಂಡು ಮಾತಾಡಿಸುತ್ತಿದ್ದ. ಹೊಸ ಸರ್ಕಾರದ ಕಡೆಯವನು ಬಂದು "ನಿನ್ನ ಹೊಲದಲ್ಲಿ ಎಷ್ಟು ಬೆಳೆಯುತ್ತೆ?" ಅಂತ ಕೇಳಿದರೆ ಯಾವ ರೈತ ನಿಜ ಹೇಳುತ್ತಾನೆ? ಕಂದಾಯದ ಭಯ ಇರುತ್ತದೆ ಅಲ್ವಾ. ಅದಕ್ಕೇ ಇಳುವರಿಯ ಲೆಕ್ಕಕ್ಕಿಂತ ಕೆಲಸದ ವಿವರವನ್ನು ನಾನು ಜಾಸ್ತಿ ನಂಬುತ್ತೇನೆ. ಕುಂಟೆ ಹೊಡೆಯುವ ಬಗ್ಗೆ ಸುಳ್ಳು ಹೇಳಿ ಯಾರಿಗೂ ಏನೂ ಸಿಗುವುದಿಲ್ಲ.

ಇನ್ನು ನೆಲದ ಚಿತ್ರ. ಇಲ್ಲಿ ಬಹಳ ಜನ ಎಡವುತ್ತಾರೆ. ಇವತ್ತು ಮಂಡ್ಯದ ಕಡೆ ಹೋದರೆ ಕಣ್ಣಿಗೆ ಬೀಳುವ ಕಬ್ಬಿನ ಹಸಿರು ಬಹುಪಾಲು ಕೃಷ್ಣರಾಜಸಾಗರ ಮತ್ತು ವಿಶ್ವೇಶ್ವರಯ್ಯ ನಾಲೆ ಬಂದ ಮೇಲಿನದು. ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. 1800ರಲ್ಲಿ ಕಾವೇರಿಯ ಹಳೆಯ ನಾಲೆಗಳ ಕೆಳಗೆ ಗದ್ದೆ ಇತ್ತು. ಸ್ವಲ್ಪ ದೂರ ಹೋದರೆ ರಾಗಿ, ಹುರುಳಿಯ ಹೊಲ, ಅಲ್ಲಲ್ಲಿ ಕೆರೆ. ಆದ್ದರಿಂದ ಹಳ್ಳಿ ನಾಲೆಯ ಯಾವ ಕಡೆ ಇದೆ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಮನೆಯಲ್ಲಿ ದಿನಾ ಅನ್ನವೋ ಹಬ್ಬಕ್ಕೆ ಮಾತ್ರವೋ ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಬೇಲಿಯಲ್ಲಿ ಲಂಟಾನ ಬೇಡ, ಬಳ್ಳಾರಿ ಜಾಲಿಯೂ ಬೇಡ. ಎರಡೂ ಆಮೇಲೆ ಬಂದವು. ಮಂಗಳೂರು ಹೆಂಚೂ ಇಲ್ಲ, ಅದರ ಮೊದಲ ಕಾರ್ಖಾನೆ 1865ರದ್ದು. ಬೆಂಕಿಪೊಟ್ಟಣ, ಸೀಮೆಎಣ್ಣೆ ಇಲ್ಲ. ಮೆಣಸಿನಕಾಯಿ ಇರಲಿ, ಅಷ್ಟು ಹೊತ್ತಿಗೆ ಬಂದಾಗಿತ್ತು. ಟೊಮ್ಯಾಟೊ ತೆಗೆದುಬಿಡಿ.

ಸೀಮೆಎಣ್ಣೆ ಇಲ್ಲ ಅಂದಮೇಲೆ ಊರಿನ ದೀಪಗಳಿಗೆಲ್ಲ ಹರಳೆಣ್ಣೆ, ಹೊಂಗೆಎಣ್ಣೆ. ಅಂದರೆ ಊರಿನ ರಾತ್ರಿ ನಿಮ್ಮ ನಾಯಕಿಯ ಮನೆಯವರ ಕಸುಬಿಗೆ ಅಂಟಿಕೊಂಡಿದೆ. ಹರಳೆಣ್ಣೆಯನ್ನು ಹೆಂಗಸರು ಮನೆಯಲ್ಲೇ ತೆಗೆಯುತ್ತಿದ್ದರು. ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಆ ಹೊಗೆ, ಆ ಕಮಟು ಕಥೆಯಲ್ಲಿ ಬರಲಿ. ಗಾಣಿಗರಲ್ಲೂ ಒಂದೆತ್ತಿನ ಗಾಣದವರು, ಎರಡೆತ್ತಿನ ಗಾಣದವರು ಅಂತ ಒಳಪಂಗಡಗಳಿದ್ದವು. ಮದುವೆ ಮಾತುಕತೆಯ ದೃಶ್ಯಕ್ಕೆ ಇದು ತುಂಬಾ ಬೇಕಾಗುತ್ತದೆ.

ಶಾಸನಗಳನ್ನು ರಾಜರ ಹೊಗಳಿಕೆ ಅಂತ ಪಕ್ಕಕ್ಕಿಡಬೇಡಿ. ಬಿ. ಎಲ್. ರೈಸ್ ಶುರುಮಾಡಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶ್ರೀರಂಗಪಟ್ಟಣ, ಮಂಡ್ಯ ಸೀಮೆಯ ಶಾಸನಗಳಿವೆ. ಹಳೆಯ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ, ಮದುವೆಯ ತೆರಿಗೆ ಎಲ್ಲ ಬರುತ್ತವೆ. ದೇವರ ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ ಕೊಡಬೇಕು ಅನ್ನುವ ಕಟ್ಟಲೆಗಳೂ ಸಿಗುತ್ತವೆ. ಅವು ನಿಮ್ಮ ಕಥೆಗಿಂತ ನೂರಾರು ವರ್ಷ ಹಿಂದಿನವು, ಹಾಗೇ ಎತ್ತಿ ಹಾಕುವಂತಿಲ್ಲ. ಆದರೆ ಗುಡಿಗೂ ಗಾಣಕ್ಕೂ ಇದ್ದ ನಂಟು ಎಷ್ಟು ಹಳೆಯದು ಅನ್ನುವುದು ತಿಳಿಯುತ್ತದೆ.

ಬಟ್ಟೆಬರೆಗೆ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಚಿತ್ರಗಳನ್ನು ಎಲ್ಲರೂ ಹೇಳುತ್ತಾರೆ. ನೋಡಿ, ಆದರೆ ಅದು ಸೈನ್ಯ, ದರ್ಬಾರು. ಸಾಲದ್ದಕ್ಕೆ ಆಮೇಲಿನ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದ್ದು. ಗಾಣಿಗರ ಹುಡುಗಿಯ ಸೀರೆಗೆ ಅದು ಸಾಕ್ಷಿಯಾಗಲಾರದು.

ಪಾತ್ರಗಳ ಮಾತಿನ ಧಾಟಿಗೆ ಮಾದಪ್ಪನ ಪದಗಳು, ಮಂಟೇಸ್ವಾಮಿ ಕಾವ್ಯ, ಬೀಸುವ ಪದಗಳನ್ನು ಕೇಳಿ. ಕಿಟ್ಟೆಲ್ ನಿಘಂಟು 1894ರದ್ದು, ಅದರಲ್ಲಿ ಗಾದೆಗಳ ರಾಶಿಯೇ ಇದೆ. ಪಾತ್ರಗಳ ಬಾಯಲ್ಲಿ ನಿಮಿಷ, ಗಂಟೆ ಬರದಂತೆ ನೋಡಿಕೊಳ್ಳಿ. ಗಳಿಗೆ, ಜಾವ, ಹೊತ್ತು ಮುಳುಗೋ ವೇಳೆ, ದನ ಬರೋ ಹೊತ್ತು, ಇಷ್ಟು ಸಾಕು.

ಇಷ್ಟಾದ ಮೇಲೆ ರಾಮನಗರದ ಜಾನಪದ ಲೋಕ ಅನ್ನುವ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಮನೆ ಸಾಮಾನುಗಳನ್ನು ನೋಡಿ ಬನ್ನಿ. ಆಮೇಲೆ ಮರದ ಗಾಣ ಓಡಿಸಿದ ಹಿರಿಯರನ್ನು ಹುಡುಕಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ತುರ್ತಿನ ಕೆಲಸ. ಪುಸ್ತಕ ಮುಂದಿನ ವರ್ಷವೂ ಸಿಗುತ್ತದೆ, ಅವರು ಸಿಗುತ್ತಾರೋ ಇಲ್ಲವೋ. "ಆ ಕಾಲದಲ್ಲಿ ಜೀವನ ಹೇಗಿತ್ತು?" ಅಂತ ಕೇಳಬೇಡಿ. ಅದಕ್ಕೆ "ಚೆನ್ನಾಗಿತ್ತು" ಅನ್ನುವ ಉತ್ತರ ಮಾತ್ರ ಬರುತ್ತದೆ. ಎತ್ತಿಗೆ ಕಣ್ಣುಪಟ್ಟಿ ಯಾಕೆ ಕಟ್ಟುತ್ತಿದ್ದಿರಿ, ಎಣ್ಣೆ ಬಿಡುವ ಹೊತ್ತಿಗೆ ಗಾಣದ ಸದ್ದು ಬದಲಾಗುತ್ತಿತ್ತಾ, ಕೈಗಂಟಿದ ಜಿಡ್ಡನ್ನು ಯಾವುದರಿಂದ ತಿಕ್ಕಿ ತೊಳೆಯುತ್ತಿದ್ದಿರಿ, ಗಾಣ ಯಾವ ದಿನ ಕಟ್ಟುತ್ತಿರಲಿಲ್ಲ ಅಂತ ಕೇಳಿ. ಒಪ್ಪಿದರೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.