ಬಾತ್‌ರೂಮ್ ರಿಪೇರಿ ಆದ ಮೇಲೂ ಸೋರುತ್ತಿದೆ, ಕಂಟ್ರಾಕ್ಟರ್ ಫೋನೇ ಎತ್ತುತ್ತಿಲ್ಲ. ಏನು ಮಾಡಬಹುದು?

ಮೊದಲು, ಬೇರೆ ಮೇಸ್ತ್ರಿ ಕರೆದು ಟೈಲ್ಸ್ ಒಡೆಸಬೇಡಿ. ಒಡೆದರೆ ಸಾಕ್ಷಿಯೇ ಹೋಯಿತು. ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಿದೆಯಾ ನೋಡಿ, ದಿನಾಂಕ ಕಾಣುವಂತೆ ಫೋಟೋ, ವಿಡಿಯೋ ತೆಗೆದಿಡಿ. ಒಬ್ಬ ಸಿವಿಲ್ ಎಂಜಿನಿಯರ್ ಹತ್ತಿರ ಒಂದು ಪುಟದ ವರದಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು, ಆ ದುಡ್ಡು ದಂಡ ಅಲ್ಲ.

ಫೋನಿನಲ್ಲಿ ಸುಮ್ನೆ ಜಗಳ ಬೇಡ. ಏನು ಕೆಟ್ಟಿದೆ, ಎಷ್ಟು ಕೊಟ್ಟಿದ್ದೀರಿ, 15 ದಿನದೊಳಗೆ ಸರಿಮಾಡಿ ಅಂತ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ವಾಟ್ಸಾಪಿಗೂ ಹಾಕಿ. ಬಾಕಿ ದುಡ್ಡು ತಡೆಹಿಡಿದಿದ್ದರೆ ಯಾಕೆ ಅನ್ನುವುದನ್ನೂ ಅದರಲ್ಲೇ ಬರೆಯಿರಿ.

ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915, ಇಲ್ಲವೇ ನೇರ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ, ಕೆಲಸಕ್ಕೆ ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್ ಕೊಟ್ಟಿರಲ್ಲ ಅಲ್ವಾ (ಯಾರು ಕೊಡುತ್ತಾರೆ!), ಯುಪಿಐ ಪಾವತಿ, ಚಾಟ್ ಎಲ್ಲ ಜೋಡಿಸಿ. ಆದರೆ 2 ವರ್ಷದೊಳಗೆ ಹಾಕಬೇಕು, "ಮುಂದಿನ ವಾರ ಬರ್ತೀನಿ ಸಾರ್" ಅನ್ನುವುದನ್ನು ನಂಬಿ ಕೂರಬೇಡಿ.