ಬುಡಮೇಲಾದ ಸ್ಪ್ರೂಸ್ ಮರಗಳು

ಪ್ರಶ್ನೆ: ನಾನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನೆಲೆಸಿದ್ದೇನೆ. 2021ರ ನವೆಂಬರ್‌ನಲ್ಲಿ ಬೀಸಿದ ಆರ್ವೆನ್ ಬಿರುಗಾಳಿಯ ನಂತರ ಕೀಲ್ಡರ್ ಅರಣ್ಯದಲ್ಲಿ ಎತ್ತರದ ಸ್ಪ್ರೂಸ್ ಮರಗಳು (ಸೂಜಿ ಎಲೆಯ ಶಂಕುಮರಗಳು) ಚಪ್ಪಟೆಯಾದ ಬೇರುಸಮೇತ ಕಿತ್ತು ಬಿದ್ದಿದ್ದನ್ನು ಕಂಡೆ. ಬೇರುಗಳು ಆಳಕ್ಕೆ ಇಳಿದಿರಲಿಲ್ಲವೇಕೆ? ನಡುನಡುವೆ ಮರಗಳನ್ನು ಕಡಿದು ಗಾಳಿಗೆ ದಾರಿ ಬಿಟ್ಟಿದ್ದರೆ ಉಳಿದವು ಬದುಕುತ್ತಿದ್ದವೇ?

ಉತ್ತರ: ಬೇರು ಬೆಳೆಯಲು ಆಮ್ಲಜನಕ ಬೇಕು. ಕೀಲ್ಡರ್‌ನ ಬಹುಭಾಗದಲ್ಲಿ ಜೇಡಿಮಣ್ಣಿನ ಮೇಲೆ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಪದರವಿದ್ದು, ಮಳೆಯ ನೀರು ಬಸಿದು ಹೋಗದೆ ನಿಲ್ಲುತ್ತದೆ. ನೀರು ತುಂಬಿದ ಪದರಕ್ಕೆ ಇಳಿದ ಬೇರಿನ ತುದಿಗಳು ಸಾಯುವುದರಿಂದ, ಅಲ್ಲಿನ ಸಿಟ್ಕಾ ಜಾತಿಯ ಸ್ಪ್ರೂಸ್ ತನ್ನ ಬೇರುಗಳನ್ನು ಮೇಲಿನ ಸುಮಾರು ಅರ್ಧ ಮೀಟರಿನೊಳಗೇ ತಟ್ಟೆಯಂತೆ ಹರಡಿಕೊಳ್ಳುತ್ತದೆ. ದೋಷ ಮರದ್ದಲ್ಲ, ನೆಲದ್ದು. ನೀರು ಚೆನ್ನಾಗಿ ಬಸಿಯುವ ಮಣ್ಣಿನಲ್ಲಿ ಇದೇ ಮರ ಇನ್ನೂ ಆಳಕ್ಕೆ ಬೇರು ಬಿಡುತ್ತದೆ.

ಇಂಥ ಮರವನ್ನು ಹಿಡಿದಿಡುವುದು ಮುಖ್ಯವಾಗಿ ಗಾಳಿ ಬರುವ ಕಡೆಯ ಬೇರುಗಳ ಎಳೆತ ಮತ್ತು ಬೇರಿಗೆ ಅಂಟಿದ ಮಣ್ಣಿನ ಭಾರ. ಗಾಳಿಗೆ ಮರ ತೂಗಿದಾಗಲೆಲ್ಲ ಬೇರಿನ ತಟ್ಟೆಯೂ ಎದ್ದಿಳಿಯುತ್ತದೆ. ಅಡಿಯ ಒದ್ದೆ ಮಣ್ಣು ಕೆಸರಾಗಿ ಹಿಡಿತ ಸಡಿಲಗೊಳ್ಳುತ್ತದೆ. ಹಿಂದೆ ಉಳುಮೆ ಮಾಡಿ ದಿಂಡುಗಳ ಮೇಲೆ ಸಸಿ ನೆಟ್ಟ ಕಡೆ ಬೇರುಗಳು ದಿಂಡುಗಳ ನಡುವಿನ ಚರಂಡಿಯನ್ನು ದಾಟಲಾರದೆ ದಿಂಡಿನುದ್ದಕ್ಕೆ ಮಾತ್ರ ಸಾಗುತ್ತಿದ್ದವು, ಹೀಗಾಗಿ ಅಡ್ಡಗಾಳಿಗೆ ಆಸರೆ ಕಡಿಮೆಯಾಗುತ್ತಿತ್ತು. ಇದರ ಜೊತೆಗೆ, ಅಲ್ಲಿನ ಮರಗಳು ನೈಋತ್ಯದ ಗಾಳಿಗೆ ತಕ್ಕಂತೆ ಬೇರುಗಳನ್ನು ಬಲಪಡಿಸಿಕೊಂಡಿರುತ್ತವೆ. ಆರ್ವೆನ್ ಬೀಸಿದ್ದು ಉತ್ತರದ ಕಡೆಯಿಂದ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ, ಇಲ್ಲ. ಒತ್ತಾಗಿ ಬೆಳೆದ ತೋಪಿನಲ್ಲಿ ಮರಗಳು ಒಂದಕ್ಕೊಂದು ಮರೆಯಾಗಿ ಗಾಳಿಯ ಹೊಡೆತವನ್ನು ಹಂಚಿಕೊಳ್ಳುತ್ತವೆ, ಕೊಂಬೆಗಳು ತಾಗಿ ತೂಗಾಟವೂ ತಗ್ಗುತ್ತದೆ. ನಡುವೆ ಕಡಿದರೆ ಗಾಳಿ ಒಳನುಗ್ಗಿ, ಒಂಟಿಯಾಗಿ ನಿಲ್ಲುವುದನ್ನು ಕಲಿಯದ ಮರಗಳನ್ನೇ ತಳ್ಳುತ್ತದೆ. ಎಳೆಯ ವಯಸ್ಸಿನಲ್ಲೇ ವಿರಳಗೊಳಿಸಿದರೆ ಅವು ನಿಧಾನವಾಗಿ ಹೊಂದಿಕೊಂಡಾವು. ಎತ್ತರವಾದ ಮೇಲೆ, ಅದರಲ್ಲೂ ಒದ್ದೆ ನೆಲದಲ್ಲಿ, ಅದು ಅಪಾಯಕಾರಿ. ಆದ್ದರಿಂದ ಇಂಥ ಕಡೆ ಅರಣ್ಯಾಧಿಕಾರಿಗಳು ವಿರಳಗೊಳಿಸದೆ, ಮರ ಅಪಾಯದ ಎತ್ತರ ಮುಟ್ಟುವ ಮೊದಲೇ ಅರಣ್ಯದ ಆ ಇಡೀ ಭಾಗವನ್ನು ಕಡಿಯುತ್ತಾರೆ. ಕಡಿತದ ಗಡಿಯನ್ನು ಮೊದಲಿಂದಲೂ ಗಾಳಿಗೆ ಒಡ್ಡಿಕೊಂಡ ರಸ್ತೆ ಅಥವಾ ತೊರೆಯ ಅಂಚಿಗೇ ತರುವುದು ಬಹಳ ಮುಖ್ಯ, ಏಕೆಂದರೆ ತೋಪಿನ ಮಧ್ಯದಲ್ಲಿ ಕಡಿತ ನಿಲ್ಲಿಸಿದರೆ ಹೊಸದಾಗಿ ತೆರೆದುಕೊಂಡ ಸಾಲು ಮುಂದಿನ ಬಿರುಗಾಳಿಗೇ ಉರುಳಬಹುದು.